ಅಪ್ಪನ ಕಾಯಿಲೆಯನ್ನು ಅಪ್ಪನಿಂದಲೇ ಮುಚ್ಚಿಟ್ಟು ಆರೈಕೆ ಮಾಡಬಹುದೆ?

ಪ್ರಶ್ನೆ: ನಾವು ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನವರು. ನನ್ನ ತಂದೆಗೆ 59 ವರ್ಷ. ಸಣ್ಣ ವಯಸ್ಸಿನಿಂದ ಕೈಮಗ್ಗದಲ್ಲಿ ಸೀರೆ ನೇಯ್ದವರು. ಒಂದೂವರೆ ವರ್ಷದ ಹಿಂದೆ ಲಾಳಿಯ ಹಗ್ಗ ಎಳೆಯಲು ಬಲಗೈಯಲ್ಲಿ ಶಕ್ತಿ ಸಾಲದಾಯಿತು. ಕತ್ತಿನ ಮೂಳೆ ಸವೆದಿದೆ ಎಂದು ಮೊದಲು ಚಿಕಿತ್ಸೆ ನಡೆಯಿತು. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಎಲ್‌ಎಸ್ ಎಂಬ ನರಕೋಶಗಳ ಕಾಯಿಲೆ ಎಂದು ಹೇಳಿದರು. ಈಗ ಮಾತು ತೊದಲುತ್ತದೆ, ನೀರು ಕುಡಿದರೆ ನೆತ್ತಿಗೆ ಹತ್ತುತ್ತದೆ, ಸಣ್ಣ ಮಾತಿಗೂ ಅಳು ಬರುತ್ತದೆ. ಅವರಿಗೆ ‘ನರದ ದೌರ್ಬಲ್ಯ’ ಎಂದಷ್ಟೇ ಹೇಳಿದ್ದೇವೆ. ಹೊಟ್ಟೆಗೆ ನಳಿಕೆ ಹಾಕಿಸಬೇಕಾಗಬಹುದು ಎಂದು ವೈದ್ಯರು ಹೇಳಿದ್ದಾರೆ, ಅವ್ವ ಒಪ್ಪುತ್ತಿಲ್ಲ. ನಮ್ಮ ಕಾಕಾ ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸೋಣ ಎನ್ನುತ್ತಾರೆ. ಅಣ್ಣ ಪುಣೆಯಲ್ಲಿದ್ದಾನೆ, ನಾನು ಮತ್ತು ಅವ್ವ ನೋಡಿಕೊಳ್ಳುತ್ತಿದ್ದೇವೆ. ಮುಂದೆ ಏನಾಗುತ್ತದೆ, ನಾವು ಏನು ಮಾಡಬೇಕು?

ಉತ್ತರ: ನೀವು ಹಲವು ವಿಷಯಗಳನ್ನು ಕೇಳಿದ್ದೀರಿ, ಆದರೆ ನಳಿಕೆ ಬೇಕೆ, ಉಸಿರಾಟದ ಯಂತ್ರ ಬೇಕೆ, ಕೊನೆಯ ದಿನಗಳನ್ನು ಆಸ್ಪತ್ರೆಯಲ್ಲಿ ಕಳೆಯಬೇಕೆ ಮನೆಯಲ್ಲೆ ಎಂಬ ಯಾವ ಪ್ರಶ್ನೆಗೂ ನಿಮ್ಮ ತಂದೆಯವರನ್ನು ಹೊರಗಿಟ್ಟು ಸರಿಯಾದ ಉತ್ತರ ಹುಡುಕುವುದು ಸಾಧ್ಯವಿಲ್ಲ. ಅವರ ಮಾತು ಇನ್ನೂ ಉಳಿದಿದೆ. ಈ ಕಾಯಿಲೆಯಲ್ಲಿ ಅದು ಎಷ್ಟು ದಿನ ಉಳಿಯುತ್ತದೆ ಎಂಬ ಖಾತ್ರಿ ಇಲ್ಲದ ಕಾರಣ ಮೊದಲು ಆಗಬೇಕಾದ ಕೆಲಸ ಅವರೊಂದಿಗೆ ಮಾತನಾಡುವುದು.

ಕಾಯಿಲೆಯ ಸ್ವರೂಪವನ್ನು ಚಿಕ್ಕದಾಗಿ ಹೇಳುತ್ತೇನೆ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಮಿದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಒಂದೊಂದಾಗಿ ಸಾಯುತ್ತವೆ. ಅಪ್ಪಣೆ ತಲುಪದ ಸ್ನಾಯು ಸೊರಗಿ ಕರಗುತ್ತದೆ. ಕೈ, ಕಾಲು, ನಾಲಿಗೆ, ಗಂಟಲು ಹಾಗೂ ಕೊನೆಗೆ ಉಸಿರೆಳೆಯುವ ಸ್ನಾಯುಗಳಿಗೂ ಇದೇ ಗತಿ. ಸ್ಪರ್ಶ, ಕಿವಿ ಮತ್ತು ದೃಷ್ಟಿ ಹಾಗೆಯೇ ಇರುತ್ತವೆ, ಕಣ್ಣಿನ ಚಲನೆ ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುತ್ತದೆ, ಮಲಮೂತ್ರದ ಹಿಡಿತವೂ ಹೆಚ್ಚಿನವರಲ್ಲಿ ತಪ್ಪುವುದಿಲ್ಲ. ಮೊದಲ ಲಕ್ಷಣ ಕಂಡಾಗಿನಿಂದ ಹೆಚ್ಚಿನವರ ಆಯುಷ್ಯ 2ರಿಂದ 5 ವರ್ಷ, ಹತ್ತರಲ್ಲಿ ಒಬ್ಬರು ಹತ್ತು ವರ್ಷವನ್ನೂ ದಾಟುತ್ತಾರೆ. 1963ರಲ್ಲಿ, 21ನೇ ವಯಸ್ಸಿನಲ್ಲಿ ಈ ಕಾಯಿಲೆ ಪತ್ತೆಯಾದ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ 2018ರವರೆಗೆ ಬದುಕಿದರು ಎಂದು ನಿಮಗೆ ಹಲವರು ಹೇಳಿರಬಹುದು. ಅದು ನಿಜ. ಆದರೆ ಅದು ತೀರಾ ಅಪರೂಪದ ಸಂಗತಿಯಾದ್ದರಿಂದ ಅದರ ಮೇಲೆ ಮನೆಯ ಲೆಕ್ಕಾಚಾರ ಹಾಕಬಾರದು. ಕತ್ತಿನ ಮೂಳೆ ಸವೆತವೆಂದು ಮೊದಲು ಭಾವಿಸಿದ್ದರಿಂದ ಸಮಯ ಹೋಯಿತಲ್ಲ ಎಂದು ನೀವು ಕೊರಗುತ್ತಿದ್ದರೆ ಅದನ್ನು ಬಿಟ್ಟುಬಿಡಿ. ಈ ಕಾಯಿಲೆ ಗುರುತಿಗೆ ಬರುವುದೇ ತಡವಾಗಿ, ಮತ್ತು ಆರಂಭದಲ್ಲೇ ತಿಳಿದಿದ್ದರೂ ಅದನ್ನು ತಡೆದು ನಿಲ್ಲಿಸುವ ಔಷಧ ಇರಲಿಲ್ಲ. ರಿಲುಜೋಲ್ ಎಂಬ ಮಾತ್ರೆ, ದಿನಕ್ಕೆ ಎರಡು ಬಾರಿ 50 ಮಿಲಿಗ್ರಾಂ, ಆಯುಷ್ಯವನ್ನು ಸರಾಸರಿ ಎರಡು ಮೂರು ತಿಂಗಳಷ್ಟು ಹೆಚ್ಚಿಸುತ್ತದೆ. ಅದನ್ನು ಕೊಡುತ್ತಿದ್ದರೆ ಯಕೃತ್ತಿನ ರಕ್ತಪರೀಕ್ಷೆಯನ್ನು ವೈದ್ಯರು ಹೇಳಿದಷ್ಟು ಬಾರಿ ತಪ್ಪದೆ ಮಾಡಿಸಿ.

ಇನ್ನು ಅವರಿಗೆ ಕಾಯಿಲೆಯನ್ನು ಹೇಳುವ ವಿಚಾರ. ಇಳಕಲ್ಲಿನಿಂದ ನಿಮ್ಹಾನ್ಸ್‌ವರೆಗೆ ಹೋಗಿ, ಸ್ನಾಯುಗಳಿಗೆ ಸೂಜಿ ಚುಚ್ಚಿಸಿಕೊಂಡು, ಎಂಆರ್‌ಐ ಮಾಡಿಸಿಕೊಂಡು, ತಿಂಗಳು ತಿಂಗಳಿಗೆ ತನ್ನ ಕೈ ತಾನೇ ಸೊರಗುವುದನ್ನು ಕಂಡ ಮನುಷ್ಯನಿಗೆ ಇದು ಬರೀ ದೌರ್ಬಲ್ಯವಲ್ಲ ಎಂಬುದು ಗೊತ್ತಾಗದೆ ಇರುವುದಿಲ್ಲ. ಮನೆಯವರು ಹೇಳುತ್ತಿಲ್ಲ ಎಂದು ಅವರು ಕೇಳುವುದಿಲ್ಲ, ಅವರು ಕೇಳುತ್ತಿಲ್ಲ ಎಂದು ಮನೆಯವರು ಹೇಳುವುದಿಲ್ಲ. ನಮ್ಮ ಭಾಗದ ಅನೇಕ ಮನೆಗಳಲ್ಲಿ ಕಾಯಿಲೆಗಿಂತ ಹೆಚ್ಚು ದಣಿಸುವುದು ಈ ಮೌನವೇ. ಅದರ ಜೊತೆಗೆ ವ್ಯವಹಾರದ ಮಾತೂ ಇದೆ. ಮಗ್ಗ ಸ್ವಂತದ್ದೋ ಸಾಹುಕಾರರದ್ದೋ, ಕೊಡುವುದೆಷ್ಟು ಬರುವುದೆಷ್ಟು, ಜಾಗದ ಕಾಗದ ಎಲ್ಲಿದೆ ಎಂಬುದನ್ನೆಲ್ಲ ಸ್ಪಷ್ಟವಾಗಿ ಹೇಳಬಲ್ಲವರು ಅವರೊಬ್ಬರೇ. ಕೈಯಲ್ಲಿ ಸಹಿ ಮಾಡುವ ಶಕ್ತಿ ಇರುವಾಗಲೇ ಬ್ಯಾಂಕ್ ಖಾತೆಯನ್ನು ನಿಮ್ಮ ಅವ್ವನೊಂದಿಗೆ ಜಂಟಿ ಮಾಡಿಸಿ, ನಾಮಿನಿ ಹೆಸರುಗಳನ್ನು ಸರಿಪಡಿಸಿ.

ಆದರೆ ಹೇಳುವುದೆಂದರೆ ಎದುರು ಕೂತು ವರದಿ ಓದುವುದಲ್ಲ. ಎಷ್ಟು ಕೇಳಬೇಕೆಂದಿದೆ ಎಂಬುದನ್ನು ಮೊದಲು ಅವರಿಂದಲೇ ತಿಳಿಯಿರಿ. ಮನೆಯಲ್ಲಿ ಗದ್ದಲವಿಲ್ಲದ ಹೊತ್ತಿನಲ್ಲಿ, ನಿಮ್ಮ ಮನೆಯ ಮಾತಿನಲ್ಲೇ ಕೇಳಿ: “ಅಪ್ಪಾ, ಈ ಬ್ಯಾನಿ ಬಗ್ಗೆ ನಿನಗ ಏನ ಅನಸ್ತೈತಿ? ಡಾಕ್ಟರ್ ಹೇಳಿದ್ದೆಲ್ಲಾ ಕೇಳಬೇಕಂತೀಯೇನು, ಇಲ್ಲಾ ನಮಗ ಬಿಡ್ತೀಯೇನು?” ಅವರು “ನೀವ ನೋಡ್ಕೋರಿ” ಎಂದರೆ ಅದೂ ಒಂದು ಉತ್ತರವೇ. ಅದನ್ನು ಗೌರವಿಸಿ, ತಮ್ಮ ಪರವಾಗಿ ಯಾರು ನಿರ್ಧರಿಸಬೇಕು ಎಂಬುದನ್ನು ಮಾತ್ರ ಅವರ ಬಾಯಿಂದಲೇ ಹೇಳಿಸಿ. “ಹೇಳ್ರಿ” ಎಂದರೆ, ಇದು ವಾಸಿಯಾಗುವ ಕಾಯಿಲೆಯಲ್ಲ, ನಿಧಾನವಾಗಿ ಹೆಚ್ಚುತ್ತದೆ, ನೋವು, ಉಬ್ಬಸ, ಸಂಕಟಗಳಿಗೆ ಔಷಧವಿದೆ, ನಾವು ಜೊತೆಗಿರುತ್ತೇವೆ ಎಂಬಷ್ಟನ್ನು ಹೇಳಿ ನಿಲ್ಲಿಸಿ. ಉಳಿದದ್ದು ಅವರು ಕೇಳಿದಂತೆ ಬರಲಿ. ವರ್ಷಗಳ ಲೆಕ್ಕವನ್ನು ಅವರಾಗಿ ಕೇಳದ ಹೊರತು ಎತ್ತಬೇಡಿ. ನಿಮಗೆ ಧೈರ್ಯ ಸಾಲದಿದ್ದರೆ ಮುಂದಿನ ಭೇಟಿಯಲ್ಲಿ ವೈದ್ಯರಿಂದ ಅವರ ಎದುರಿಗೇ ಮಾತನಾಡಿಸಿ. ಆದರೆ ಅವರನ್ನು ಹೊರಗೆ ಕೂರಿಸಿ ಒಳಗೆ ನೀವು ಮಾತನಾಡುವ ಪದ್ಧತಿಯನ್ನು ಇಂದಿಗೇ ಬಿಡಿ.

ಸಣ್ಣ ಮಾತಿಗೂ ಅಳು ಬರುತ್ತದೆ ಎಂದು ಬರೆದಿದ್ದೀರಿ. ಅದು ಪೂರ್ತಿಯಾಗಿ ದುಃಖವಲ್ಲ. ಅಳು ಮತ್ತು ನಗುವಿನ ಮೇಲೆ ಮಿದುಳಿಗಿರುವ ಹಿಡಿತವನ್ನು ಈ ಕಾಯಿಲೆ ಸಡಿಲಿಸುತ್ತದೆ. ಆದ್ದರಿಂದ ಯಾರೋ ಬಂದು ಕ್ಷೇಮ ಕೇಳಿದರೂ ಅಳು ಉಕ್ಕುತ್ತದೆ, ಕೆಲವರಿಗೆ ಸಾವಿನ ಮನೆಯಲ್ಲಿ ನಗು ಬಂದು ಪಜೀತಿಯಾಗುತ್ತದೆ. ಇದನ್ನು ಅವರಿಗೂ ಬರುವ ಹೋಗುವ ನೆಂಟರಿಗೂ ತಿಳಿಸಿ ಹೇಳಿದರೆ ಅರ್ಧ ಸಂಕೋಚ ಕಡಿಮೆಯಾಗುತ್ತದೆ. ಹೆಚ್ಚಾದರೆ ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಯಿಂದ ಹತೋಟಿಗೆ ಬರುತ್ತದೆ, ಅದೇ ಮಾತ್ರೆ ಜೊಲ್ಲನ್ನೂ ತಗ್ಗಿಸುತ್ತದೆ. ಹೀಗೆಂದು ಮನಸ್ಸು ಕುಗ್ಗಿರುವುದೇ ಇಲ್ಲ ಎಂದುಕೊಳ್ಳಬೇಡಿ. ನಿದ್ದೆ ಬಿಟ್ಟಿದ್ದಾರೆಯೆ, ಯಾವುದರಲ್ಲಿಯೂ ಆಸಕ್ತಿ ಇಲ್ಲವೆ ಎಂಬುದನ್ನು ಬೇರೆಯಾಗಿ ಗಮನಿಸಿ.

ಊಟದ ವಿಷಯದಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದಿನಕ್ಕೆ ಮೂರು ಬಾರಿ ಮನೆಯಲ್ಲಿ ಆತಂಕ ಹುಟ್ಟುವುದು ಅಲ್ಲಿಯೇ. ನೀರು ಗಂಟಲಿನಲ್ಲಿ ವೇಗವಾಗಿ ಇಳಿಯುತ್ತದೆ. ನಿಧಾನವಾದ ಗಂಟಲು ಅದನ್ನು ಸಕಾಲದಲ್ಲಿ ತಡೆಯಲಾರದೆ ಶ್ವಾಸನಾಳಕ್ಕೆ ಬಿಡುತ್ತದೆ. ಹಾಗಾಗಿ ತಿಳಿನೀರಿಗಿಂತ ಜೋಳದ ಹಿಟ್ಟಿನ ಗಟ್ಟಿ ಅಂಬಲಿ, ನೀರು ಮಜ್ಜಿಗೆಗಿಂತ ಕಡೆದ ಮೊಸರು ಸುಲಭವಾಗಿ ಇಳಿಯುತ್ತವೆ. ಒಣ ರೊಟ್ಟಿ, ಶೇಂಗಾ ಚಟ್ನಿಪುಡಿ, ಚುರಮುರಿ, ಅವಲಕ್ಕಿ ಬೇಡ, ಪುಡಿ ಕಣಗಳು ಗಂಟಲಿನಲ್ಲಿ ಚದುರಿ ಕೆಮ್ಮು ತರಿಸುತ್ತವೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡುವುದು ಸುಲಭ ಎಂದು ಎಲ್ಲರೂ ಭಾವಿಸುತ್ತಾರೆ. ವಾಸ್ತವದಲ್ಲಿ ತುಣುಕು ಮತ್ತು ತಿಳಿನೀರು ಎರಡೂ ಒಂದೇ ತುತ್ತಿನಲ್ಲಿ ಇರುವುದು ಇಂಥವರಿಗೆ ಎಲ್ಲಕ್ಕಿಂತ ಕಷ್ಟದ ಆಹಾರ. ರೊಟ್ಟಿ ಬೇಕೇ ಬೇಕೆಂದರೆ ಬೇಳೆಯೊಂದಿಗೆ ಮಿಕ್ಸರಿನಲ್ಲಿ ಒಂದೇ ಹದಕ್ಕೆ ಅರೆದು ತುಪ್ಪ ಹಾಕಿ ಕೊಡಿ. ಮೆತ್ತಗೆ ಬೆಂದ ನುಚ್ಚು, ಸಜ್ಜಕ, ಗೋಧಿ ಹುಗ್ಗಿ ಒಳ್ಳೆಯವು. ನೇರವಾಗಿ ಕೂರಿಸಿ, ಗದ್ದವನ್ನು ಎದೆಯ ಕಡೆ ತುಸು ಬಾಗಿಸಿ, ಸಣ್ಣ ಚಮಚದಲ್ಲಿ ಕೊಡಿ. ಒಂದು ತುತ್ತು ನುಂಗಿ ಮುಗಿಯುವವರೆಗೆ ಮತ್ತೊಂದು ಬೇಡ. ಉಣ್ಣುವಾಗ ಅವರನ್ನು ಮಾತಿಗೆ ಎಳೆಯಬೇಡಿ, ಟಿವಿ ಆರಿಸಿ. ಊಟದ ನಂತರ ಅರ್ಧ ಗಂಟೆ ಮಲಗಿಸಬೇಡಿ.

ಪಥ್ಯದ ಹೆಸರಿನಲ್ಲಿ ತುಪ್ಪ, ಹಾಲು, ಬೆಲ್ಲವನ್ನು ಬಿಡಿಸುವವರ ಮಾತು ಕೇಳಬೇಡಿ. ಈ ಕಾಯಿಲೆಯಲ್ಲಿ ತೂಕ ಇಳಿದಷ್ಟೂ ಶಕ್ತಿ ಬೇಗ ಹೋಗುತ್ತದೆ, ಆದ್ದರಿಂದ ಅವರಿಗೆ ಸಾಮಾನ್ಯರಿಗಿಂತ ಹೆಚ್ಚು ಕ್ಯಾಲರಿ ಬೇಕು. ಮಧುಮೇಹ ಇದ್ದರೆ ಮಾತ್ರ ವೈದ್ಯರನ್ನು ಕೇಳಿ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ.

ನಳಿಕೆಯ ವಿಷಯದಲ್ಲಿ ನಿಮ್ಮ ಅವ್ವನ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಬಾಯಿಂದ ಉಣ್ಣುವುದು ನಿಂತರೆ ಬದುಕೇ ನಿಂತಂತೆ ಎಂದು ಅವರಿಗೆ ಅನ್ನಿಸಿರಬಹುದು. ಆದರೆ ಪೆಗ್ ಎಂಬ ಈ ನಳಿಕೆಯನ್ನು ಹೊಟ್ಟೆಯ ಗೋಡೆಯ ಮೂಲಕ ನೇರ ಜಠರಕ್ಕೆ ಇಡುತ್ತಾರೆ. ಅದನ್ನು ಹಾಕಿಸಿದ ಮೇಲೂ ರುಚಿಗಾಗಿ ಬಾಯಿಯಿಂದ ತುಸು ಸಜ್ಜಕ ಕೊಡುವುದಕ್ಕೆ ಅಡ್ಡಿಯಿಲ್ಲ, ಹೊಟ್ಟೆ ತುಂಬಿಸುವ ಭಾರ ಮಾತ್ರ ಬಾಯಿಗಿರುವುದಿಲ್ಲ. ಮನೆಯಲ್ಲೇ ಮಾಡಿದ ಗಂಜಿ, ಬೇಳೆಕಟ್ಟು, ಹಾಲನ್ನು ಸೋಸಿ ಕೊಡಬಹುದು. ಪ್ರತಿ ಬಾರಿ ಕೊಟ್ಟ ಮೇಲೆ ಒಂದಿಷ್ಟು ಶುದ್ಧ ನೀರು ಬಿಟ್ಟು ನಳಿಕೆ ತೊಳೆಯುವುದನ್ನು ಮಾತ್ರ ಮರೆಯಬಾರದು. ಇಲ್ಲಿ ನಿರ್ಣಾಯಕವಾದದ್ದು ಸಮಯ. ಉಸಿರಿನ ಸಾಮರ್ಥ್ಯ, ಅಂದರೆ ಎಫ್‌ವಿಸಿ ಎಂಬ ಪರೀಕ್ಷೆಯ ಅಂಕಿ, 50 ಪ್ರತಿಶತಕ್ಕಿಂತ ಕೆಳಗೆ ಇಳಿದ ಮೇಲೆ ಈ ಚಿಕ್ಕ ಶಸ್ತ್ರಕ್ರಿಯೆಯೂ ಅಪಾಯಕಾರಿಯಾಗುತ್ತದೆ. ಹಾಗಾಗಿ ಉಣ್ಣಲು ಸಾಧ್ಯವೇ ಇಲ್ಲ ಎನ್ನುವ ದಿನಕ್ಕೆ ಕಾಯುವುದಲ್ಲ. ಒಂದು ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿದ್ದರೆ ಅಥವಾ ಹಿಂದಿನ ತೂಕದಲ್ಲಿ ಹತ್ತನೇ ಒಂದು ಭಾಗ ಕರಗಿದ್ದರೆ, ಅಂದರೆ 60 ಕಿಲೋ ಇದ್ದವರು 54ಕ್ಕೆ ಬಂದಿದ್ದರೆ, ಆಗಲೇ ನಿರ್ಧರಿಸಬೇಕು. ವಿಷಯ ತಿಳಿದ ಮೇಲೆ ನಿಮ್ಮ ತಂದೆಯವರೇ ಬೇಡ ಎಂದರೆ ಒತ್ತಾಯಿಸಬೇಡಿ. ಬೇಡವೆನ್ನುವ ಹಕ್ಕು ಅವ್ವನದ್ದಲ್ಲ, ನಿಮ್ಮದೂ ಅಲ್ಲ, ಅವರದ್ದು.

ಉಸಿರಾಟದ ತೊಂದರೆ ಶುರುವಾಗುವುದು ರಾತ್ರಿಯಲ್ಲಿ. ಮುಂಜಾನೆ ತಲೆನೋವು, ಹಗಲೆಲ್ಲ ತೂಕಡಿಕೆ, ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗಿ ಎರಡು ಮೂರು ದಿಂಬು ಕೇಳುವುದು, ರಾತ್ರಿ ಬೆಚ್ಚಿ ಏಳುವುದು, ಇವು ಕಂಡರೆ ಮುಂದಿನ ತಾರೀಖಿಗೆ ಕಾಯದೆ ವೈದ್ಯರಿಗೆ ತಿಳಿಸಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 97 ತೋರಿಸುತ್ತಿದೆ ಎಂದು ಸಮಾಧಾನಪಡಬೇಡಿ, ಅದು ಬಹಳ ತಡವಾಗಿ ಕುಸಿಯುತ್ತದೆ. ಇಲ್ಲಿನ ಸಮಸ್ಯೆ ಆಮ್ಲಜನಕದ ಕೊರತೆಗಿಂತ ಇಂಗಾಲದ ಡೈಆಕ್ಸೈಡ್ ಹೊರಹೋಗದಿರುವುದು. ಅದಕ್ಕೇ ಯಾರಾದರೂ ಉಪಕಾರವೆಂದು ಆಕ್ಸಿಜನ್ ಸಿಲಿಂಡರ್ ತಂದಿಟ್ಟರೆ ವೈದ್ಯರನ್ನು ಕೇಳದೆ ಹಚ್ಚಬೇಡಿ, ಅದರಿಂದ ಉಸಿರು ಇನ್ನಷ್ಟು ಮಂದವಾಗಬಹುದು. ರಾತ್ರಿ ಮುಖಕ್ಕೆ ಮಾಸ್ಕ್ ಕಟ್ಟಿ ಗಾಳಿಯನ್ನು ಒತ್ತಡದಿಂದ ಒಳಗೆ ಕಳಿಸುವ ಬೈಪ್ಯಾಪ್ ಯಂತ್ರ ಆಯುಷ್ಯವನ್ನೂ ನಿದ್ದೆಯನ್ನೂ ಹೆಚ್ಚಿಸುತ್ತದೆ. ಮೊದಲ ಕೆಲವು ರಾತ್ರಿ ಕಿರಿಕಿರಿ ಎನ್ನುತ್ತಾರೆ, ಹಗಲಿನಲ್ಲಿ ಅರ್ಧರ್ಧ ಗಂಟೆ ಹಚ್ಚಿ ಅಭ್ಯಾಸ ಮಾಡಿಸಿದರೆ ಒಗ್ಗುತ್ತದೆ. ಯಂತ್ರದೊಂದಿಗೆ ಇನ್ವರ್ಟರ್ ಕೂಡ ಬೇಕು. ಬೇಸಿಗೆಯಲ್ಲಿ ಮಧ್ಯರಾತ್ರಿ ಕರೆಂಟ್ ಹೋಗುವ ಊರುಗಳಲ್ಲಿ ಇದನ್ನು ಖರ್ಚಿನ ಪಟ್ಟಿಯಲ್ಲಿ ಮೊದಲೇ ಸೇರಿಸಬೇಕು.

ಮಾತು ನಿಲ್ಲುವ ಮೊದಲು ಎರಡು ಸಿದ್ಧತೆ ಮಾಡಿಕೊಳ್ಳಿ. ಮೊದಲನೆಯದು, ಅವರ ದನಿಯನ್ನು ಮೊಬೈಲಿನಲ್ಲಿ ಧಾರಾಳವಾಗಿ ಮುದ್ರಿಸಿಡಿ. ಎರಡನೆಯದು, ರಟ್ಟಿನ ಮೇಲೆ ಅಕ್ಷರಗಳ ಹಲಗೆ ಮಾಡಿ. ಸ್ವರಗಳದ್ದೊಂದು ಸಾಲು, ಕ, ಚ, ಟ, ತ, ಪ ವರ್ಗಗಳದ್ದು ಒಂದೊಂದು ಸಾಲು, ಯಕಾರದಿಂದ ಮುಂದಿನವು ಒಂದು ಸಾಲು. ನೀವು ಸಾಲುಗಳನ್ನು ಬೆರಳಿನಿಂದ ತೋರಿಸುತ್ತ ಹೋದಾಗ ತಮಗೆ ಬೇಕಾದ ಸಾಲಿಗೆ ಅವರು ಕಣ್ಣು ಮುಚ್ಚುತ್ತಾರೆ, ಬಳಿಕ ಆ ಸಾಲಿನ ಅಕ್ಷರಕ್ಕೆ ಮತ್ತೊಮ್ಮೆ. ಕಾಗುಣಿತಕ್ಕೆ ಹೋದರೆ ಹೊತ್ತು ಹಿಡಿಯುತ್ತದೆ. ‘ದ, ಬ’ ಎಂದರೆ ದಿಂಬು ಎಂದು ಮನೆಯವರು ಒಂದೆರಡು ವಾರದಲ್ಲಿ ಊಹಿಸಲು ಕಲಿಯುತ್ತಾರೆ. ಹಲಗೆಯ ಕೆಳಗೆ ಸಿದ್ಧ ಮಾತುಗಳ ಒಂದು ಸಾಲಿರಲಿ: ಹೊರಳಿಸು, ಜೊಲ್ಲು ಒರೆಸು, ಫ್ಯಾನ್, ಸೊಳ್ಳೆ, ತುರಿಕೆ. ಕೊನೆಯೆರಡನ್ನು ಯಾರೂ ಬರೆಯುವುದಿಲ್ಲ. ಸ್ಪರ್ಶವೆಲ್ಲ ಇದ್ದೂ ಕೈ ಎತ್ತಲಾಗದವನಿಗೆ ಮೂಗಿನ ಮೇಲಿನ ಸೊಳ್ಳೆ ಎಂಥ ಹಿಂಸೆ ಎಂಬುದು ಆಮೇಲೆ ಗೊತ್ತಾಗುತ್ತದೆ. ಎತ್ತುವಾಗ ರಟ್ಟೆ ಹಿಡಿದು ಎಳೆಯಬೇಡಿ, ಸಡಿಲಾದ ಭುಜದ ಕೀಲು ಜಾರಿ ತೀರಾ ನೋವಾಗುತ್ತದೆ. ಸೊಂಟಕ್ಕೆ ಅಗಲವಾದ ಬಟ್ಟೆಯ ಪಟ್ಟಿ ಕಟ್ಟಿ ಅದನ್ನು ಹಿಡಿದು ಎಬ್ಬಿಸಿ. ಕೈಕಾಲಿನ ಎಲ್ಲ ಕೀಲುಗಳನ್ನು ದಿನಕ್ಕೆರಡು ಬಾರಿ ಮೆಲ್ಲಗೆ ಮಡಚಿ ಬಿಡಿಸಿ.

ನಿಮ್ಮ ಕಾಕಾ ಅವರಿಗೆ ನಾನು ಹೇಳಿದ್ದೇನೆಂದು ಹೇಳಿ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕೆಲವು ಕಾಯಿಲೆಗಳಂಥವನ್ನು ಬಿಟ್ಟು ಉಳಿದವಕ್ಕೆ ಸ್ಟೆಮ್ ಸೆಲ್ ಇನ್ನೂ ಪ್ರಯೋಗದ ಹಂತದಲ್ಲಿದೆ, ಎಎಲ್‌ಎಸ್‌ಗೆ ಅದನ್ನು ಹಣ ಪಡೆದು ಚಿಕಿತ್ಸೆಯಾಗಿ ಕೊಡುವಂತಿಲ್ಲ. ಅದಕ್ಕೆ ಹೊಲ ಮಾರಬೇಡಿ. ಎಣ್ಣೆ ತಿಕ್ಕಿಸುವುದು, ಮಠಕ್ಕೆ ಹೋಗಿ ಬರುವುದು ಅವರಿಗೆ ಹಿತವೆನಿಸಿದರೆ ನನ್ನ ಆಕ್ಷೇಪವಿಲ್ಲ. ಯಾವುದರದ್ದೆಂದು ಗೊತ್ತಿಲ್ಲದ ಭಸ್ಮ, ಪುಡಿಗಳನ್ನು ಮಾತ್ರ ನುಂಗಿಸಬೇಡಿ. ಉಳಿದ ಹಣ ಬೈಪ್ಯಾಪ್, ಗಾಲಿಕುರ್ಚಿ, ಜೊಲ್ಲು ತೆಗೆಯುವ ಸಕ್ಷನ್ ಯಂತ್ರಕ್ಕೆ ಬೇಕಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಈಗಲೇ ಅರ್ಜಿ ಹಾಕಿ. ಪಿಂಚಣಿಗೂ ಸಲಕರಣೆಗಳಿಗೂ ಅದೇ ಆಧಾರ, ತಪಾಸಣೆಗೆ ಅವರನ್ನು ಕರೆದೊಯ್ಯುವುದು ಈಗಿನಷ್ಟು ಸುಲಭ ಮುಂದೆ ಇರುವುದಿಲ್ಲ.

ಇನ್ನು ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ. ಉಸಿರುಗಟ್ಟಿ ಒದ್ದಾಡಿ ಹೋಗುತ್ತಾರೆಯೆ ಎಂಬ ಭಯ ನಿಮಗಿರಬಹುದು. ಹೆಚ್ಚಿನವರಲ್ಲಿ ಹಾಗಾಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ಏರಿದಂತೆ ಮಂಪರು ಹೆಚ್ಚಿ, ನಿದ್ದೆಯಲ್ಲಿಯೇ ಉಸಿರು ನಿಲ್ಲುವುದು ಸಾಮಾನ್ಯ. ಅದಕ್ಕೆ ಮೊದಲು ಏದುಸಿರು, ಗಾಬರಿ ಕಂಡರೆ ಅತಿ ಕಡಿಮೆ ಪ್ರಮಾಣದ ಮಾರ್ಫಿನ್ ಮತ್ತು ಗಾಬರಿ ತಗ್ಗಿಸುವ ಔಷಧಗಳಿಂದ ಹತೋಟಿಗೆ ತರಬಹುದು. ಮಾದಕವಸ್ತು ಕಾನೂನಿನ 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಡುವುದು ಸರಳವಾಗಿದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿರುವುದರಿಂದ ಅಲ್ಲಿ ಉಪಶಮನ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್ ಸೌಲಭ್ಯ ಎಲ್ಲಿದೆ, ಬಾಯಿಯಿಂದ ಕೊಡುವ ಮಾರ್ಫಿನ್ ಸಿಗುತ್ತದೆಯೆ ಎಂಬುದನ್ನು ಸಂಕಟದ ದಿನಕ್ಕಿಂತ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಉಪಶಮನ ಆರೈಕೆಯೆಂದರೆ ಕೈಚೆಲ್ಲುವುದು ಎಂಬ ತಪ್ಪು ತಿಳಿವಳಿಕೆ ಕೆಲವು ವೈದ್ಯರಲ್ಲಿಯೂ ಇದೆ. ನಿಮ್ಮ ತಂದೆಯವರಿಗೆ ಅದು ಈ ಹೊತ್ತಿನಿಂದಲೇ ಬೇಕು.

ಮೊದಲೇ ಮಾತಾಗದಿದ್ದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಿ. ಒಂದು ರಾತ್ರಿ ಏದುಸಿರು ಬಂದು ಆಂಬುಲೆನ್ಸಿನಲ್ಲಿ ಒಯ್ಯುತ್ತೀರಿ, ತುರ್ತು ವಿಭಾಗದ ವೈದ್ಯರು ತಮ್ಮ ಧರ್ಮದಂತೆ ಗಂಟಲಿಗೆ ನಳಿಕೆ ಇಳಿಸಿ ವೆಂಟಿಲೇಟರಿಗೆ ಹಾಕುತ್ತಾರೆ. ಈ ಕಾಯಿಲೆಯಲ್ಲಿ ಅದರಿಂದ ಹೊರಬರುವುದು ಬಹಳ ಕಷ್ಟ. ಬಳಿಕ ಕುತ್ತಿಗೆಯಲ್ಲಿ ರಂಧ್ರ, ತಿಂಗಳುಗಟ್ಟಲೆ ಐಸಿಯು, ಸಾಲ. ವೆಂಟಿಲೇಟರಿನೊಂದಿಗೆ ಮನೆಯಲ್ಲಿ ವರ್ಷಗಟ್ಟಲೆ ಬದುಕಿದವರೂ ಇದ್ದಾರೆ, ಅದಕ್ಕೆ ಹಗಲುರಾತ್ರಿ ನುರಿತ ಕೈಗಳು ಬೇಕು. ವೆಂಟಿಲೇಟರ್ ಬೇಕೆಂದರೂ ಬೇಡವೆಂದರೂ ಅದು ತಪ್ಪಲ್ಲ, ಆದರೆ ಅದು ಅವರ ಆಯ್ಕೆಯಾಗಿರಬೇಕು. ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿದೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿ, ಚಿಕಿತ್ಸೆಯ ಬಗ್ಗೆ ಮುಂಗಡ ಇಚ್ಛಾಪತ್ರ ಬರೆಯಲು ಅವಕಾಶ ಕೊಟ್ಟಿತು. 2023ರ ಜನವರಿ 24ರಂದು ಅದರ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಯಾವ ಚಿಕಿತ್ಸೆ ಬೇಡ, ತಮ್ಮ ಪರವಾಗಿ ನಿರ್ಧರಿಸುವವರು ಯಾರು ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಮನಸ್ಸು ಬದಲಾದರೆ ಹಿಂಪಡೆಯಬಹುದು. ಒಂದು ಪ್ರತಿ ಆಸ್ಪತ್ರೆಯ ಕಡತದಲ್ಲಿ, ಒಂದು ಮನೆಯಲ್ಲಿ ಕೈಗೆ ಸಿಗುವಲ್ಲಿ ಇರಲಿ, ನಿಮ್ಮ ಅಣ್ಣನ ಮೊಬೈಲಿನಲ್ಲಿ ಅದರ ಚಿತ್ರವೂ ಇರಲಿ. ದೂರದಲ್ಲಿದ್ದ ಮಗ ಕೊನೆಯ ದಿನ ಬಂದು ಎಲ್ಲವನ್ನೂ ಮಾಡಿಸಿರಿ ಎಂದು ಹಟ ಹಿಡಿಯುವುದು ಪ್ರೀತಿಯಿಂದಲೇ, ಆದರೆ ಅದಕ್ಕೆ ಬೆಲೆ ತೆರುವವರು ಮಲಗಿರುವವರು.

ಅದಕ್ಕಾಗಿ ಅಣ್ಣನನ್ನು ಈ ಮಾತುಕತೆಗೆ ಈಗಲೇ ಕರೆಸಿ. ಹಣ ಕಳಿಸುವುದು ದೊಡ್ಡ ಆಸರೆಯೇ, ಆದರೆ ವರ್ಷಕ್ಕೆ ಕೆಲವು ಬಾರಿ ಒಂದೊಂದು ವಾರ ಬಂದು ರಾತ್ರಿಯ ಪಾಳಿ ತಾನೇ ವಹಿಸಿಕೊಳ್ಳಲಿ, ಹೊರಳಿಸುವುದು, ಸಕ್ಷನ್ ಮಾಡುವುದು ಅವನಿಗೂ ಬರಲಿ. ನೀವು ಮತ್ತು ಅವ್ವ ಒಂದೇ ರಾತ್ರಿ ಇಬ್ಬರೂ ಎಚ್ಚರವಿರಬೇಡಿ, ಸರದಿ ಇಟ್ಟುಕೊಳ್ಳಿ. ಮನೆಗೆ ನೋಡಲು ಬರುವ ನೆಂಟರು “ಏನಾದರೂ ಬೇಕಿದ್ದರೆ ಹೇಳ್ರಿ” ಎನ್ನುತ್ತಾರಲ್ಲ, ಅವರಿಗೆ ನಿಜವಾಗಿಯೂ ಕೆಲಸ ಹೇಳಿ: ಒಬ್ಬರು ಗುರುವಾರ ಮಧ್ಯಾಹ್ನ ಎರಡು ತಾಸು ಕೂರಲಿ, ಅಷ್ಟರಲ್ಲಿ ಅವ್ವ ತನಗೇನಾದರೂ ನೋವಿದ್ದರೆ ವೈದ್ಯರಿಗೆ ತೋರಿಸಿಕೊಂಡು ಬರಲಿ. ನಿಮಗೇ ತಡೆಯಲಾಗದ ದಿನ 14416ಕ್ಕೆ, ಅಂದರೆ ಟೆಲಿ ಮಾನಸ್ ಸಹಾಯವಾಣಿಗೆ, ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು.

ಮುಂದಿನ ಭೇಟಿಗೆ ಹೋಗುವಾಗ ತೂಕದ ಲೆಕ್ಕ, ಊಟಕ್ಕೆ ಹಿಡಿಯುವ ಹೊತ್ತು, ರಾತ್ರಿ ಎಷ್ಟು ದಿಂಬು ಎಂಬುದನ್ನು ಬರೆದುಕೊಂಡು ಹೋಗಿ, ಎಫ್‌ವಿಸಿ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ. ಪ್ರತಿ ಬಾರಿ ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣ ಮಾಡಬೇಕೆ, ನಡುವಿನ ಭೇಟಿಗಳನ್ನು ವೀಡಿಯೊ ಕರೆಯಲ್ಲಿ ಮುಗಿಸಬಹುದೆ ಎಂದೂ ವಿಚಾರಿಸಿ. ವೈದ್ಯರು ಮಾತನಾಡುವಾಗ ಅವರ ಎದುರಿನ ಕುರ್ಚಿಯಲ್ಲಿ ನಿಮ್ಮ ತಂದೆಯವರು ಕೂತಿರಲಿ.